ಕರು ಸಮೇತ ಬಂದ ಆಕಳು

ನನ್ನ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಎಲ್ಲರ ಮಕ್ಕಳೂ ಕೇಳುತ್ತಾರಲ್ಲ ಎನ್ನಬೇಡಿ. ನಿಮ್ಮ ಮಕ್ಕಳು ಉತ್ತರ ಸಿಕ್ಕ ಮೇಲೆ ಸುಮ್ಮನಾಗುತ್ತಾರೆ. ನನ್ನವರಿಗೆ ಉತ್ತರವೆಂದರೆ ಮುಂದಿನ ಪ್ರಶ್ನೆಯ ಕಚ್ಚಾ ಮಾಲು. ಏಳು ವರ್ಷದ ಇಂಚರಾ, "ಪಪ್ಪಾ, ಮೀನಕ್ಕ ನೀರಡಿಕಿ ಆಗತೈತೇನ?" ಎಂದು ಶುರು ಮಾಡಿದರೆ ಐದು ವರ್ಷದ ಗುರುಸಿದ್ದ ಅಲ್ಲಿಂದ ಮುಂದಕ್ಕೆ ಎಳೆಯುತ್ತಾನೆ. ಆದ್ದರಿಂದ ಬನಹಟ್ಟಿಯಲ್ಲಿ ಹೊಸ ಮನೆ ಕಟ್ಟಿಸುವಾಗ ನಾನು ಬೇಡಿದ್ದು ಇಷ್ಟೇ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ನನ್ನದೇ ಒಂದು ಕೋಣೆ. ಅದರಲ್ಲಿ ನಾನು, ಒಂದು ಖುರ್ಚಿ, ಒಂದು ಪೇಪರು.

ಆ ಕೋಣೆಯಲ್ಲಿ ಜೋಳದ ಚೀಲ ಇಡುವುದೆಂದು ಹೆಂಡತಿ ಅಕ್ಷತಾಳ ಘನ ತೀರ್ಮಾನ. ಗೃಹಪ್ರವೇಶಕ್ಕೆ ಎರಡು ದಿನ ಇದ್ದಾಗ ಸ್ವಲ್ಪ ಕರಗಿದಳು.

"ನಮಗಿಂತ ಮೊದಲ ಆಕಳ, ಕರ ಮನಿಯೊಳಗ ಬರಬೇಕ್ರಿ. ಅದೊಂದ ಕೆಲಸ ನೆಟ್ಟಗ ಮಾಡ್ರಿ. ಖೋಲಿ ನಿಮ್ದ."

ಇದ್ಯಾವ ಮಹಾ ಕೆಲಸ ಎಂದುಕೊಂಡೆ. ಆದರೆ ಗೃಹಪ್ರವೇಶದ ದಿನ ಎಂಥ ಒಳ್ಳೆಯ ಮುಹೂರ್ತವೆಂದರೆ, ಅರ್ಧ ತಾಲ್ಲೂಕೇ ಹೊಸ ಮನೆಗೆ ಹೊರಟಿತ್ತು. ಕರುವಿದ್ದ ಆಕಳೆಲ್ಲ ಮೊದಲೇ ಬುಕ್ಕಾಗಿದ್ದವು. ಚಿಮ್ಮಡದ ಲಗಮಣ್ಣನ ಕೊಟ್ಟಿಗೆಯಲ್ಲಿ ಉಳಿದಿದ್ದು ಒಂದೇ, ಅದೂ ತುಂಬು ಗಬ್ಬದ್ದು. "ಈಯಾಕ ಇನ್ನೂ ಒಂದ ವಾರ ಬೇಕ್ರಿ ಸಾಹೇಬ್ರ," ಎಂದ ಲಗಮಣ್ಣ. ಆಗ ನನಗೆ ಜ್ಞಾನೋದಯವಾಯಿತು. ಆಕಳೂ ಇದೆ, ಕರುವೂ ಇದೆ! (ಒಂದರೊಳಗೊಂದು ಇರಬಾರದೆಂದು ಯಾವ ಶಾಸ್ತ್ರ ಹೇಳಿದೆ?)

ಆ ದಿನ ಬೆಳಿಗ್ಗೆ ಅದನ್ನೇ ಹೊಡೆದುಕೊಂಡು ಬಂದೆ. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಅಕ್ಷತಾ ಆಕಳ ಹಿಂದೆ ಮುಂದೆ ನೋಡಿದಳು.

"ಕರ ಎಲ್ಲೈತ್ರಿ?"

"ಒಳಗೈತಿ."

ಇಂಚರಾ ಕೂಡಲೇ ಬಗ್ಗಿ ಆಕಳ ಹೊಟ್ಟೆ ನೋಡಿದಳು. "ಒಳಗ ಕತ್ತಲಿ ಇರೂದಿಲ್ಲೇನ ಪಪ್ಪಾ?"

"ಹೊರಗ ಹೆಂಗ ಬರತೈತಿ? ಯಾವ ಬಾಗಲಾ?" ಎಂದ ಗುರುಸಿದ್ದ.

ಪೂಜೆಗೆ ಬಂದಿದ್ದ ಅಯ್ಯನವರು ಮಂತ್ರ ನಿಲ್ಲಿಸಿ, ನನ್ನ ಉತ್ತರಕ್ಕೆ ತಾವೂ ಕಾದರು. ಮುಹೂರ್ತ ಮೀರುತ್ತಿದ್ದುದರಿಂದ ಅಕ್ಷತಾ ಸಿಟ್ಟು ನುಂಗಿದಳು. ಕುಂಕುಮ ಹಚ್ಚಿಸಿಕೊಂಡ ಆಕಳು ಒಳಗೆ ಬಂತು, ಹಾಲ್ ನೋಡಿತು, ಅಡುಗೆಮನೆಗೆ ಇಣುಕಿತು, ಆಮೇಲೆ ನೇರ ನನ್ನ ಕೋಣೆಗೆ ಹೋಗಿ ಖುರ್ಚಿಯ ಪಕ್ಕ ಮಲಗಿಬಿಟ್ಟಿತು. ಎಳೆದರೂ ಏಳಲಿಲ್ಲ, ಕೈಮುಗಿದರೂ ಏಳಲಿಲ್ಲ. ನನ್ನ ಅವ್ವ ಶಿವಗಂಗವ್ವ ಬಂದು ಬಾಲ ಎತ್ತಿ ನೋಡಿದಳು.

"ಯಪ್ಪಾ ಶಿವನ, ಇದು ಈಯಾಕತ್ತೈತಿ!"

ಮನೆಯಲ್ಲಿ ಗದ್ದಲವೋ ಗದ್ದಲ. ನಾನು ಮಕ್ಕಳನ್ನು ಹೊರಗಟ್ಟಲು ಹೋದೆ. ಅಕ್ಷತಾ ತಡೆದಳು.

"ಇರಲಿ ಬಿಡ್ರಿ. ದಿನಾ ಕೇಳಿ ಕೇಳಿ ತಲಿ ತಿಂತಾವು. ಇವತ್ತ ಉತ್ತರ ತಾನ ಬರಾಕತ್ತೈತಿ."

ಮೊದಲು ಎರಡು ಪುಟ್ಟ ಗೊರಸು ಕಂಡವು. ಅವುಗಳ ಮೇಲೆ ಒದ್ದೆ ಮೂಗು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನ್ನ ಮಕ್ಕಳು ಉಸಿರು ಬಿಗಿಹಿಡಿದು ನಿಂತರು. ನಾನೂ ಅವರ ಪಕ್ಕ ಬಗ್ಗಿ ನೋಡಿದೆ. ಆಕಳು ಒಮ್ಮೆ ನರಳಿತು, ಕರು ಜಾರಿ ನೆಲಕ್ಕೆ ಬಂತು. ಹೊಸ ನೆಲದ ಮೇಲೆ ನನ್ನ ಚಪ್ಪಲಿಯನ್ನೂ ಬಿಟ್ಟುಕೊಳ್ಳದ ಅಕ್ಷತಾ ಓಡಿ ಬಂದು, ನನ್ನ ಹೆಗಲ ಮೇಲಿನ ಜರಿ ಶಲ್ಯ ಎಳೆದುಕೊಂಡು ಕರುವಿನ ಮೂಗು ಒರೆಸಿದಳು! (ಅದು ಆಕೆಯ ತವರಿನವರು ಉಡುಗೊರೆ ಕೊಟ್ಟ ಆಹೇರಿ.) ಕರು ಏಳಲು ನೋಡಿತು, ಟೈಲ್ಸಿನ ಮೇಲೆ ಜಾರಿತು. ಗೋಣಿಚೀಲ ಹಾಸಿದರು. ಮತ್ತೆ ಎದ್ದಿತು, ನಡುಗುತ್ತ ನಿಂತಿತು, ಯಾರೂ ತೋರಿಸದೆಯೇ ಕೆಚ್ಚಲಿಗೆ ಬಾಯಿ ಹಾಕಿತು. ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ.

"ಅವ್ವಾ, ಹಾಲ ಅಲ್ಲೇ ಐತಿ ಅಂತ ಅದಕ್ಕ ಹೆಂಗ ಗೊತ್ತಾತು?" ಎಂದೆ.

"ಗೊತ್ತಿರತೈತಪಾ."

"ಯಾರ ಹೇಳಿದ್ರು? ಇಷ್ಟ ದಿನ ಒಳಗ ಉಸರಾ ಹೆಂಗ ತಗೊಂತಿತ್ತು? ಈಗ ನಾವು ಅದಕ್ಕ ಕಾಣತೇವೇನ? ಇದ ತನ್ನವ್ವ ಅಂತ..."

ಗುರುಸಿದ್ದ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ದುರುಗುಟ್ಟಿ ನೋಡಿದ. ಇಂಚರಾ ನನ್ನ ಕೈಹಿಡಿದು ಮೆಲ್ಲಗೆ ಹೊಸ್ತಿಲು ದಾಟಿಸಿದಳು.

"ಎಷ್ಟ ಕೇಳತೀ ಪಪ್ಪಾ! ಕರಕ್ಕ ನಿದ್ದಿ ಬರಾಕತ್ತೈತಿ. ಹೋಗು, ಹೊರಗ ಆಡಹೋಗು."

ಬಾಗಿಲು ಮುಚ್ಚಿತು. ಒಳಗೆ ಅವ್ವ, ಅಕ್ಷತಾ ನಗುವುದು ಕೇಳಿಸಿತು. ಆಮೇಲೆ ಖುರ್ಚಿ ಎಳೆದ ಸದ್ದು, ಅದರ ಮೇಲೆ ಯಾರೋ ಹತ್ತಿ ಚಿಲಕ ಹಾಕಿದ ಸದ್ದು. ನಾನು ಕರು ಮಲಗಿತೋ ಇಲ್ಲವೋ ಎಂದು ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತೆ.