ಓರೆ ಗೀಟು

ತಾಂಪೆರೆ ಊರಿನ ಒಂದು ಡೇಟಾಬೇಸ್ ಕಂಪನಿಗೆ ಸರೋವರದ ದಡದಲ್ಲೊಂದು ಕುಟೀರ, ಅದಕ್ಕೊಂದು ಸೌನಾ, ಸೌದೆ ಉರಿಸಿ ಬಿಸಿಹಬೆಯಲ್ಲಿ ಬೆವರುವ ಕೋಣೆ. ಯುಹಾನುಸ್ ಎಂಬ ನಡುಬೇಸಿಗೆಯ ಹಬ್ಬಕ್ಕೆ ಅದು ಒಬ್ಬರಿಗೇ. ಹಿಂದಿನ ದಿನ, ಮೂರು ಗಂಟೆಯ ಕಾಫಿಗೆ, ಯಾರ ಕೆಲಸಕ್ಕೆ ಹೆಚ್ಚು ಕೈ ಏಳುತ್ತದೋ ಅವರಿಗೆ. ಈ ಸಲ ತನಗೇ ಎಂದು ಅಲ್ಲಿ ಕೋಡ್ ಬರೆಯುವ ಕಲೆರ್ವೋ ಹೆಂಡತಿಗೆ ಹೇಳಿಬಿಟ್ಟಿದ್ದ. ಅವಳು ತನ್ನ ತಾಯಿಗೆ ಹೇಳಿ, ತಾಯಿ ಗಂಟುಮೂಟೆ ಕಟ್ಟಿಯೂ ಆಗಿತ್ತು.

ಅವನ ಕೆಲಸವೇನೂ ಸಣ್ಣದಲ್ಲ. ಡೇಟಾಬೇಸು ತನ್ನ ಪ್ರತಿ ಬದಲಾವಣೆಯನ್ನೂ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಬರೆದದ್ದು ಎಲ್ಲಿಗೆ ಬಂತು ಎನ್ನಲು ಇಷ್ಟು ವರ್ಷ ಎರಡು ಸಂಖ್ಯೆ: ಎಷ್ಟನೆಯ ಫೈಲುಗಳ ಕಟ್ಟು, ಆ ಕಟ್ಟಿನೊಳಗೆ ಎಷ್ಟನೆಯ ಜಾಗ. ಸಾಲದ್ದಕ್ಕೆ ಪ್ರತಿ ಕಟ್ಟಿನ ಕೊನೆಯ ಫೈಲಿನ ಜಾಗ ಖಾಲಿ ಬಿಟ್ಟು ಮುಂದೆ ಹೋಗಬೇಕು. ಯಾಕೆಂದು ಕೇಳಿದರೆ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಲೆರ್ವೋ ಕಟ್ಟು ಬಿಚ್ಚಿ ಮೊದಲಿಂದ ಕೊನೆಯವರೆಗೆ ಒಂದೇ ಎಣಿಕೆ, ಹದಿನಾರು ಅಂಕಿಯ ಒಂದೇ ಸಂಖ್ಯೆ ಮಾಡಿದ. ಸಾವಿರದ ಇನ್ನೂರು ಸಾಲು ಕೋಡ್ ಕಸದ ಬುಟ್ಟಿ ಸೇರಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾಕಪ್ ನೋಡಿಕೊಳ್ಳುವ ಹೆಲ್ವಿ ಓಡಿಬಂದಳು.

"ಏನಪ್ಪಾ ಮಾಡಿಟ್ಟೆ? ಇರಬಾರದ ಜಾಗದಲ್ಲಿ ಫೈಲ್ ಕಂಡು ನನ್ನ ಬ್ಯಾಕಪ್ಪು ಹೌಹಾರಿ ನಿಂತುಬಿಟ್ಟಿದೆ!"

"ಅರ್ಧ ಗಂಟೆ ಕೊಡು, ಸರಿ ಮಾಡ್ತೀನಿ. ಕೈ ಮಾತ್ರ ನನಗೇ ಎತ್ತಬೇಕು."

ಸರಿ ಮಾಡಿ, ಗುರುವಾರದ ಬಟಾಣಿ ಸೂಪಿನ ಊಟಕ್ಕೆ ಎದ್ದರೆ ಮ್ಯಾನೇಜರ್ ಸಿನಿಕ್ಕಾ ಅಡ್ಡ ನಿಂತಳು. ಪ್ರಯೋಗಕ್ಕೆಂದು ಕಲೆರ್ವೋನ ಹೊಸ ಕೋಡನ್ನು ಹಾಕಿಕೊಂಡ ಗಿರಾಕಿ ಫೋನಿನಲ್ಲಿದ್ದ.

"ಇವನಿಗೆ ಈ ಹದಿನಾರಂಕಿ ಓದಿ ಹೇಳೋಕೆ ಹೋಗಿ ನಾಲ್ಕು ಸಲ ತಪ್ಪಿದೆ ಕಣೋ. ಉಸಿರು ತಗೊಳ್ಳೋಕೆ ಒಂದು ಜಾಗ ಬೇಡ್ವಾ?" ಎಂದಳು.

"ಒಳಗೆ ಒಂದೇ ಸಂಖ್ಯೆ ಇದ್ರಾಯ್ತು. ಹೊರಗೆ ಹೇಗಾದ್ರೂ ತೋರಿಸ್ಕೊಳ್ಳಿ," ಎಂದು ಕಲೆರ್ವೋ ದೊಡ್ಡ ಮನಸ್ಸು ಮಾಡಿದ.

ಪಕ್ಕದ ಮೇಜಿನ ಯೋರ್ಮಾ ಕುರ್ಚಿ ತಿರುಗಿಸಿದ. "ಅದನ್ನ ನಾನು ನೋಡ್ಕೋತೀನಿ. ನೀನು ಹೋಗು, ಸೂಪು ಆರುತ್ತೆ," ಎಂದ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡ ಕಲೆರ್ವೋ.

ಮೂರು ಗಂಟೆಗೆ ಅವನು ಎದೆಯುಬ್ಬಿಸಿ ತನ್ನ ಕೆಲಸವನ್ನು ಗೋಡೆಯ ಪರದೆಯ ಮೇಲೆ ತೋರಿಸಿದ. ಎಂಟು ಅಂಕಿ, ಒಂದು ಓರೆ ಗೀಟು, ಮತ್ತೆ ಎಂಟು ಅಂಕಿ. ನಿನ್ನೆ ಹೇಗಿತ್ತೋ ಥೇಟ್ ಹಾಗೇ.

"ಬದಲಾಗಿದ್ದೇನು?" ಎಂದಳು ಹೆಲ್ವಿ.

"ಒಳಗೆ! ಎಲ್ಲಾ ಒಳಗೆ!"

"ಒಳಗಿಂದು ಯಾರಿಗಪ್ಪಾ ಕಾಣುತ್ತೆ?" ಎಂದಳು ಸಿನಿಕ್ಕಾ. "ಬೆಳಿಗ್ಗೆ ಓದೋಕಾಗದೆ ಒದ್ದಾಡ್ತಿದ್ವಿ. ಯೋರ್ಮಾ ಬಂದ, ಒಂದು ಗೀಟು ಎಳೆದ, ಬದುಕ್ಕೊಂಡ್ವಿ. ಯೋರ್ಮಾಗೆ ಯಾರ್ಯಾರು?"

ಕಾಫಿ ಲೋಟ ಕೆಳಗಿಟ್ಟು ಎಲ್ಲರೂ ಕೈ ಎತ್ತಿದರು.

ಯೋರ್ಮಾ ಸಂಕೋಚದಿಂದ ಕಲೆರ್ವೋನ ಬೆನ್ನು ತಟ್ಟಿದ. "ಬೇಜಾರು ಮಾಡ್ಕೋಬೇಡ. ಮನೆಯವರನ್ನೆಲ್ಲ ಕರ್ಕೊಂಡು ನೀನೂ ಬಾ. ಹೇಗೂ ಸೌದೆ ಒಡೆಯೋಕೆ ಒಬ್ಬರು ಬೇಕು."

ಹೀಗೆ, ಎರಡನ್ನು ಒಂದು ಮಾಡಿದ ಕಲೆರ್ವೋ ಹಬ್ಬದ ದಿನವೆಲ್ಲ ಕೊಡಲಿ ಹಿಡಿದು ಒಂದೊಂದು ಕೊರಡನ್ನೂ ಎರಡು ಮಾಡಿದ. ಸೌನಾದೊಳಗಿನಿಂದ ಅತ್ತೆಯ ದನಿ ಕೇಳಿತು:

"ಅಳಿಯಾ, ಎರಡು ಹೋಳು ಸಾಲದಪ್ಪಾ. ನಾಲ್ಕು ಮಾಡು!"