ಮಾವ್ಶಿ ಈಗ ಏನು ಬಿಟ್ಟಿದ್ದಾರೆ?

ನನ್ನ ಮಾವ್ಶಿಯನ್ನು ನೀವು ಊಟಕ್ಕೆ ಕರೆಯದಿರುವುದೇ ಒಳ್ಳೆಯದು. ಕರೆದರೆ ಖಂಡಿತ ಬರುತ್ತಾರೆ. ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದು, ನಿಮ್ಮ ಮನೆಯ ನಾಯಿಯನ್ನೂ ಸೇರಿಸಿ ಎಲ್ಲರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಊಟಕ್ಕೆ ಕುಳಿತು, ನೀವು ಬೆಳಗಿನಿಂದ ಬೆವರು ಸುರಿಸಿ ಮಾಡಿದ್ದನ್ನೆಲ್ಲ ಒಂದೊಂದಾಗಿ ನೋಡಿ, ಇದು ಬೇಡ, ಇದೂ ಬೇಡ, ಅದು ಈಗ ತಿನ್ನಲಿಕ್ಕಿಲ್ಲ ಎಂದು ಕೈ ಅಡ್ಡ ಹಿಡಿಯುತ್ತಾರೆ. ಕೊನೆಗೆ ಉಣ್ಣುವುದು ಅನ್ನ ಮತ್ತು ಸಾರು. ನಿಮ್ಮ ಅಡುಗೆಯಲ್ಲಿ ದೋಷವೇನೂ ಇಲ್ಲ. ಯಾರಿಗೋ ವೀಸಾ ಬಂದಿಲ್ಲ, ಅಷ್ಟೆ!

ನಮ್ಮ ಕ್ರೈಸ್ತರ ಕೊಂಕಣಿಯಲ್ಲಿ ಅಮ್ಮನ ಅಕ್ಕತಂಗಿಯರನ್ನು ಮಾವ್ಶಿ ಎನ್ನುತ್ತೇವೆ. ಇವರು ಅಮ್ಮನ ಅಕ್ಕ. ಗುರುವಾಯನಕೆರೆಯಿಂದ ಸ್ವಲ್ಪ ಒಳಗೆ ಒಂದು ಸಣ್ಣ ಹಂಚಿನ ಮನೆ. ಗಂಡ ತೀರಿಕೊಂಡು ಮೂವತ್ತು ವರ್ಷವಾಯಿತು, ಮಕ್ಕಳಿಲ್ಲ. ಊರಿನವರಿಗೆಲ್ಲ ಅವರು ಬಾಯಮ್ಮ. ಅವರಿಗೆ ಎರಡು ಕೆಲಸ: ಬೀಡಿ ಕಟ್ಟುವುದು, ಊರಿನವರಿಗಾಗಿ ಪ್ರಾರ್ಥಿಸುವುದು. ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಎಲೆ ಸುತ್ತುವ ಕೈಗೆ ಜಪಸರ ಹಿಡಿಯಲು ಬಿಡುವೆಲ್ಲಿ? ಹಾಗಾಗಿ ಹತ್ತು ಬೀಡಿಗೆ ಹತ್ತು ಮರಿಯಮ್ಮನ ಪ್ರಾರ್ಥನೆ, ಐವತ್ತಕ್ಕೆ ಒಂದು ಜಪಸರ ಪೂರ್ತಿ. ಅವರು ಕಟ್ಟಿದ ಬೀಡಿ ಸೇದಿದವರಿಗೆ ಆಶೀರ್ವಾದ ಸಿಗುತ್ತದೋ ಕೆಮ್ಮು ಸಿಗುತ್ತದೋ, ನನಗೆ ಗೊತ್ತಿಲ್ಲ.

ಬರೀ ಪ್ರಾರ್ಥನೆಯಾಗಿದ್ದರೆ ತೊಂದರೆ ಇರಲಿಲ್ಲ. ಯಾರಿಗಾಗಿ ಬೇಡಿಕೊಂಡರೂ ಮಾವ್ಶಿ ಒಂದು ತಿನಿಸು ಬಿಡುತ್ತಾರೆ. ಬೇಡಿಕೊಂಡದ್ದು ಆಗುವವರೆಗೆ ಅದನ್ನು ಮುಟ್ಟುವುದಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಬಾಯಿಮಾತಿನಲ್ಲಿ ಕೇಳಿದರೂ ದೇವರಿಗೆ ಕೇಳಿಸುತ್ತದೆ ಎಂದು ಚರ್ಚಿನ ಫಾದರ್ ಒಮ್ಮೆ ಬುದ್ಧಿ ಹೇಳಿದರಂತೆ.

"ಕೇಳಿಸ್ತದೆ ಫಾದರ್," ಎಂದರಂತೆ ಮಾವ್ಶಿ. "ಆದ್ರೆ ಕೈ ಬೀಸಿಕೊಂಡು ಹೋಗಿ ಕೇಳಲಿಕ್ಕೆ ನನಗೆ ನಾಚಿಕೆ ಆಗ್ತದೆ."

ಪಕ್ಕದ ಮನೆಯ ಐಸಮ್ಮನ ಗಂಡನಿಗೆ ಸೌದಿಯ ವೀಸಾ ಆಗಬೇಕಿತ್ತು. ಮಾವ್ಶಿ ಚಹಾ ಬಿಟ್ಟರು. ದಿನಕ್ಕೆ ಆರು ಲೋಟ ಚಹಾ ಕುಡಿಯುತ್ತಿದ್ದವರು ಅವರು. ಏಜೆಂಟ್ ಇವತ್ತು ನಾಳೆ ಎನ್ನುತ್ತ ಏಳು ತಿಂಗಳು ಎಳೆದ. ಆ ಏಳು ತಿಂಗಳು ಮಾವ್ಶಿಗೆ ತಲೆನೋವು, ಊರಿಗೆಲ್ಲ ಬೈಗುಳ. ಕೋಳಿಗೆ ಬೈದರು, ಹಾಲಿನವನಿಗೆ ಬೈದರು, ಬೀಡಿಯ ನೂಲಿಗೂ ಬೈದರು. ಕೊನೆಗೆ ಕೇರಿಯ ಹೆಂಗಸರೆಲ್ಲ ಸೇರಿ, ಅವನು ಸೌದಿಗೆ ಹೋಗುತ್ತಾನೋ ಬಿಡುತ್ತಾನೋ, ನಮ್ಮ ಬಾಯಮ್ಮ ಒಂದು ಲೋಟ ಚಹಾ ಕುಡಿಯುವ ಹಾಗೆ ಮಾಡು ಎಂದು ಅವರವರ ದೇವರಿಗೆ ಹರಕೆ ಹೊತ್ತರಂತೆ. ವೀಸಾ ಬಂದ ದಿನ ಐಸಮ್ಮ ಸುದ್ದಿ ಹೇಳಲು ಓಡಿ ಬಂದಾಗ ಅವಳ ಕೈಯಲ್ಲಿ ಸಿಹಿ ಇರಲಿಲ್ಲ, ಫ್ಲಾಸ್ಕ್ ಇತ್ತು.

ಇನ್ನೊಮ್ಮೆ ಎದುರು ಮನೆಯ ಶೆಟ್ಟರ ಕಾಲಿನಲ್ಲಿ ಸಕ್ಕರೆ ಕಾಯಿಲೆಯ ಹುಣ್ಣಾಯಿತು. ಶೆಟ್ಟರಿಗೂ ಮಾವ್ಶಿಗೂ ಬೇಲಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಆದರೂ ನೆರೆಯವರಲ್ಲವೇ? ಮಾವ್ಶಿ ಹಾಗಲಕಾಯಿ ಬಿಟ್ಟರು. ಹುಣ್ಣು ಒಣಗಲೇ ಇಲ್ಲ. ಒಂದು ತಿಂಗಳಾದ ಮೇಲೆ ಮಾವ್ಶಿಗೆ ನಿದ್ದೆ ಬಾರದೆ, ಫಾದರ್ ಹತ್ತಿರ ಹೋಗಿ ಪಾಪ ಒಪ್ಪಿಕೊಂಡರು. ಅವರು ಹುಟ್ಟಿದಂದಿನಿಂದ ಹಾಗಲಕಾಯಿ ತಿಂದವರೇ ಅಲ್ಲ! ಮನೆಗೆ ಬಂದು, ಸರಿಯಾಗಿ ಹಣ್ಣಿನ ಕಾಲದಲ್ಲಿ, ಹಲಸು ಬಿಟ್ಟರು. ಹದಿನೈದು ದಿನಕ್ಕೆ ಹುಣ್ಣು ಮಾಯಲು ಶುರುವಾಯಿತು. ಡಾಕ್ಟರು ಅದೇ ವಾರ ಔಷಧಿ ಬದಲಾಯಿಸಿದ್ದರು ಎಂದು ನಾನು ನೆನಪಿಸಿದೆ. "ಹೌದು, ಡಾಕ್ಟರಿಗೆ ಆ ಬುದ್ಧಿ ಕೊಟ್ಟದ್ದು ಯಾರು?" ಎಂದರು. ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಇಂಥ ಪ್ರಶ್ನೆ ನನ್ನ ಪಠ್ಯದಲ್ಲಿಲ್ಲ.

ಮೂಡಬಿದಿರೆಯಲ್ಲಿ ನನ್ನ ಮದುವೆಯಾದಾಗ ಅವರು ಹಂದಿಮಾಂಸ, ಕೋಳಿ, ಸಿಹಿ ಮೂರನ್ನೂ ಬೇರೆ ಬೇರೆ ಜನರಿಗಾಗಿ ಬಿಟ್ಟಿದ್ದರು. ನಮ್ಮವರ ಮದುವೆಯೂಟದಲ್ಲಿ ಈ ಮೂರನ್ನು ತೆಗೆದರೆ ಉಳಿಯುವುದೇನು? ವರನ ಕಡೆಯ ಹಿರಿಯ ಹೆಂಗಸು ಸಿಟ್ಟು ಮಾಡಿಕೊಂಡಿದ್ದಾರೆ ಎಂದು ಹೆಣ್ಣಿನ ಕಡೆಯವರು ಗಾಬರಿಯಾದರು. ಕ್ಷಮೆ ಕೇಳಲು ಇಬ್ಬರು ಮಾವಂದಿರು ಸಾಲಾಗಿ ಬಂದು ನಿಂತರು. ಅಷ್ಟರಲ್ಲಿ ನನ್ನ ಹೆಂಡತಿ, ಮದುವಣಗಿತ್ತಿ, ಬಿಳಿ ಸೀರೆಯ ಸೆರಗು ಎತ್ತಿ ಹಿಡಿದುಕೊಂಡು ಬಂದು ಮಾವ್ಶಿಯ ಪಕ್ಕದಲ್ಲಿ ಕುಳಿತು, ತಿನ್ನಬಾರದ್ದು ಇರಲಿ, ತಿನ್ನಬಹುದಾದದ್ದು ಏನುಂಟು ಅದನ್ನು ಹೇಳಿ ಎಂದು ಕೇಳಿದಳು. ಆವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಆ ದಿನದಿಂದ ಅವರಿಬ್ಬರೂ ಒಂದಾದರು, ನಾನು ಹೊರಗಿನವನಾದೆ. ಗುರುವಾಯನಕೆರೆಗೆ ಹೊರಡುವ ಮೊದಲು ನನ್ನ ಹೆಂಡತಿ ಫೋನು ಮಾಡುತ್ತಿದ್ದಳು: "ಮಾವ್ಶಿ, ಈಗ ಏನು ಬಿಟ್ಟಿದ್ದೀರಿ?" ಆಮೇಲೆ ಅಡುಗೆ.

ಮದುವೆಯಾಗಿ ಒಂಬತ್ತನೆಯ ವರ್ಷ ಅವಳ ಮೂತ್ರಪಿಂಡ ಎರಡೂ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್. ಮೂಡಬಿದಿರೆಯಿಂದ ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳದ ಆಸ್ಪತ್ರೆಗೆ ನಮ್ಮ ಓಡಾಟ ಶುರುವಾಯಿತು. ಕುಡಿಯುವ ನೀರಿಗೆ ಅಳತೆ, ಹಣ್ಣಿಗೆ ಅಳತೆ, ಉಪ್ಪಂತೂ ಇಲ್ಲವೇ ಇಲ್ಲ. ಉಳಿದದ್ದನ್ನೆಲ್ಲ ಅವಳು ಸಹಿಸಿಕೊಂಡಳು, ಉಪ್ಪಿಲ್ಲದ ಗಂಜಿಯನ್ನು ಸಹಿಸಲಿಲ್ಲ. ಒಮ್ಮೆ ಮಾವ್ಶಿಯ ಎದುರು ಬಟ್ಟಲು ದೂರ ಸರಿಸಿ, ನಿಮ್ಮ ಸೊಸೆಯಾಗಿ ಬಂದದ್ದಕ್ಕೆ ನನಗೂ ಒಂದೊಂದೇ ಬಿಡುವ ಗತಿ ಬಂತು ನೋಡಿ ಎಂದು ನಕ್ಕಳು. ಮಾವ್ಶಿ ನಗಲಿಲ್ಲ.

ಅವಳಿಗಾಗಿ ಮಾವ್ಶಿ ಏನೋ ಬಿಟ್ಟಿದ್ದಾರೆ ಎಂದು ನಮಗೆ ಗೊತ್ತಿತ್ತು. ಏನೆಂದು ಮಾತ್ರ ಹೇಳಲೊಲ್ಲರು. ನನ್ನ ಹೆಂಡತಿಗೆ ಅದೇ ಒಂದು ಆಟವಾಯಿತು. ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿಕೊಂಡು ಮೀನಾ, ಚಹಾವಾ, ಬೆಲ್ಲವಾ ಎಂದು ಫೋನಿನಲ್ಲಿ ಕೇಳುವಳು. ಆ ಕಡೆಯಿಂದ ಒಂದೇ ಉತ್ತರ: ನಿನಗೆ ಯಾಕೆ ಮಗಾ, ನೀನು ಗುಣ ಆಗು.

ಗುಣವಾಗಲಿಲ್ಲ. ಒಂದೂವರೆ ವರ್ಷದ ಮೇಲೆ, ಕ್ರಿಸ್ಮಸ್ ಕಳೆದು ಎರಡನೆಯ ವಾರ, ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಚಪ್ಪಲಿ ಹಾಕುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ನಾನು ಗೇಟಿನ ಹತ್ತಿರ ರಿಕ್ಷಾದವನ ಜೊತೆ ಮಾತಾಡುತ್ತಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಕುಳಿತಿದ್ದರು. ಮಾವ್ಶಿ ಮೊಣಕಾಲೂರಿ ಜಪಸರ ಶುರು ಮಾಡಿದರು. ಅವರ ಸ್ವರ ಕೇಳಿದ್ದೇ ನನಗೇನಾಯಿತೋ, ಜನರೆಲ್ಲರ ಎದುರು ಹೇಳಿಬಿಟ್ಟೆ:

"ಸಾಕು ಮಾವ್ಶಿ. ಒಂದೂವರೆ ವರ್ಷ ಮಾಡಿದ್ರಲ್ಲ, ಆ ಪ್ರಾರ್ಥನೆ ಎಲ್ಲ ಎಲ್ಲಿಗೆ ಹೋಯ್ತು?"

ಅವರು ನೆಲಕ್ಕೆ ಕೈಯೂರಿ ನಿಧಾನಕ್ಕೆ ಎದ್ದು, ಜಪಸರವನ್ನು ಚೀಲಕ್ಕೆ ಹಾಕಿಕೊಂಡು, ಒಂದು ತೊಟ್ಟು ನೀರು ಕುಡಿಯದೆ ಬಸ್ಸು ಹತ್ತಿದರು. ಆಮೇಲೆ ಅವರು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ನಾನು ಚರ್ಚಿಗೂ ಹೋಗಲಿಲ್ಲ. ಮನೆಮಂದಿಯೆಲ್ಲ ಸೇರಿ ಹೊಸ ತೆನೆ ಉಣ್ಣುವ ಸೆಪ್ಟೆಂಬರಿನ ಹಬ್ಬ ಬಂದಾಗ ಬಾಗಿಲು ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದಿದೆ. ಆ ಮಕ್ಕಳಿಗೆಲ್ಲ ಯಾಕೋ ಅಂಕ ಕಡಿಮೆಯೇ ಬಂತು.

ಹಬ್ಬ ಕಳೆದು ನಾಲ್ಕನೆಯ ದಿನ ಐಸಮ್ಮನ ಫೋನು. ಬಾಯಮ್ಮ ಬೀಡಿಯ ತಡ್ಪೆಯನ್ನು, ಅದೇ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಕುಳಿತವರು ತಲೆ ತಿರುಗಿ ಬಿದ್ದಿದ್ದಾರೆ, ಏನೇನೋ ಮಾತಾಡುತ್ತಿದ್ದಾರೆ, ಬೆಳ್ತಂಗಡಿಯ ಆಸ್ಪತ್ರೆಗೆ ತಂದಿದ್ದೇನೆ ಎಂದಳು. ನಾನು ತಲುಪುವಷ್ಟರಲ್ಲಿ ರಕ್ತ ಪರೀಕ್ಷೆ ಆಗಿತ್ತು. ರಕ್ತದಲ್ಲಿ ಉಪ್ಪಿನ ಅಂಶ ಅಪಾಯವಾಗುವಷ್ಟು ಇಳಿದಿದೆ, ಇವರು ಉಪ್ಪು ತಿನ್ನುವುದಿಲ್ಲವೇ ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಐಸಮ್ಮನ ಮುಖ ನೋಡಿದೆ.

"ಬಿಟ್ಟು ಎರಡು ವರ್ಷ ಆಯ್ತು ಮಾಸ್ಟ್ರೇ," ಎಂದಳು ಅವಳು. "ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸಿದ್ದರು."

ಕೈಗೆ ಸೂಜಿ ಚುಚ್ಚಿ ಬಾಟಲಿ ನೇತು ಹಾಕಿದ್ದರು. ಸ್ವಲ್ಪ ಎಚ್ಚರವಾದ ಕೂಡಲೇ ಮಾವ್ಶಿ ಕೇಳಿದ ಮೊದಲ ಪ್ರಶ್ನೆ, ಬಾಟಲಿಯಲ್ಲಿ ಏನುಂಟು ಎಂದು. ನರ್ಸ್ ಪಾಪ, ಸತ್ಯವಂತೆ. ಉಪ್ಪುನೀರು ಎಂದಳು. ಮಾವ್ಶಿ ಸೂಜಿ ಕೀಳಲು ಹೋದರು. ಇಬ್ಬರು ಹಿಡಿದರೂ ಜಗ್ಗಲಿಲ್ಲ. ಕೊನೆಗೆ ನರ್ಸ್‌ಗೇ ಒಂದು ಯೋಚನೆ ಹೊಳೆಯಿತು: ಬಾಯಮ್ಮ ಬಿಟ್ಟದ್ದು ಬಾಯಿಯಲ್ಲಿ ತಿನ್ನುವುದನ್ನು, ಇದು ಕೈಯಲ್ಲಿ ಹೋಗುವುದಲ್ಲವಾ? ಮಾವ್ಶಿ ಬಹಳ ಹೊತ್ತು ಯೋಚಿಸಿ, ಕೈಯಾದರೆ ತೊಂದರೆ ಇಲ್ಲ ಎಂದು ಮಲಗಿದರು. ಇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೋ ನಾನರಿಯೆ. ಆ ನರ್ಸ್‌ಗೆ ಮಾತ್ರ ನಾನು ಋಣಿ.

ನಾಲ್ಕು ದಿನದ ಮೇಲೆ ಮನೆಗೆ ಕರೆತಂದೆ. ಮಧ್ಯಾಹ್ನ ನಾನೇ ಗಂಜಿ ಬೇಯಿಸಿ ಎರಡು ಬಟ್ಟಲಿಗೆ ಬಡಿಸಿ, ಉಪ್ಪಿನ ಭರಣಿ ನಡುವೆ ಇಟ್ಟೆ. ಮಾವ್ಶಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು, ಭರಣಿಯನ್ನು ದೂರಕ್ಕೆ ತಳ್ಳಿದರು. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅವಳು ಉಪ್ಪು ತಿನ್ನಬಹುದು ಅಂತ ಡಾಕ್ಟರು ಹೇಳುವವರೆಗೆ ನಾನೂ ತಿನ್ನುವುದಿಲ್ಲ ಅಂತ ದೇವರಿಗೆ ಹೇಳಿದ್ದೆ," ಎಂದರು.

"ಅವಳು ಹೋಗಿ ಎಂಟು ತಿಂಗಳಾಯ್ತು ಮಾವ್ಶಿ."

"ಹೌದು. ಡಾಕ್ಟರು ಹೇಳಲಿಲ್ಲವಲ್ಲ."

ಅವರು ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತರು. ಬೀಡಿ ಕಟ್ಟಿ ಕಟ್ಟಿ ಆ ಬೆರಳಿನ ತುದಿ ನುಣುಪಾಗಿ ಹೋಗಿದೆ.

"ಆ ದಿವಸ ನೀನು ಕೇಳಿದಿಯಲ್ಲ, ಪ್ರಾರ್ಥನೆ ಎಲ್ಲಿಗೆ ಹೋಯ್ತು ಅಂತ," ಎಂದರು. "ನನಗೆ ಗೊತ್ತಿತ್ತು. ಹೇಳಲಿಕ್ಕೆ ಧೈರ್ಯ ಬರಲಿಲ್ಲ."

ಆಮೇಲೆ ಹೇಳಿದರು. ಕ್ರಿಸ್ಮಸ್‌ನ ಮರುವಾರ ಬಂಟ್ವಾಳದ ಆಸ್ಪತ್ರೆಗೆ ಅವಳನ್ನು ನೋಡಲು ಬಂದಿದ್ದರಂತೆ. ವಾಪಸು ಹೋಗುವಾಗ ಬಸ್ಸು ತಡವಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿದರು, ಪರಿಚಯದ ಮಾಣಿ ಪ್ಲೇಟಿನಲ್ಲಿ ಆಗಷ್ಟೇ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಂದಿಟ್ಟ. ಅವಳ ಊದಿದ ಮುಖವನ್ನೇ ಯೋಚಿಸುತ್ತ ಒಂದನ್ನು ಬಾಯಿಗೆ ಹಾಕಿಕೊಂಡರು. ಅರ್ಧ ನುಂಗಿದ ಮೇಲೆ ಉಪ್ಪಿನ ನೆನಪಾಯಿತು.

"ಹೊರಗೆ ಹೋಗಿ ಉಗಿಯಬಹುದಿತ್ತು," ಎಂದರು. "ಅಷ್ಟು ರುಚಿಯಾಗಿತ್ತು ಮಗಾ. ಉಳಿದದ್ದನ್ನೂ ತಿಂದೆ. ಸರಿಯಾಗಿ ಎಂಟನೇ ದಿವಸಕ್ಕೆ ಅವಳು ಹೋದಳು."

ಎಂಟು ತಿಂಗಳು ಈ ಹೆಂಗಸು ಇದನ್ನು ಎದೆಯಲ್ಲಿಟ್ಟುಕೊಂಡು ಬೀಡಿ ಕಟ್ಟಿದ್ದರು. ನಾನು ಸಿಟ್ಟಿನಲ್ಲಿ ಎಸೆದ ಮಾತನ್ನು ಅವರು ತೀರ್ಪೆಂದು ತೆಗೆದುಕೊಂಡಿದ್ದರು. ಯಾರಿಗೂ ಹೇಳದ ಒಂದು ವಿಷಯ ನನ್ನಲ್ಲೂ ಇತ್ತು. ಅದನ್ನು ಹೇಳದೆ ಈಗ ಬೇರೆ ದಾರಿ ಇರಲಿಲ್ಲ.

ಡಯಾಲಿಸಿಸ್ ಮುಗಿಸಿ ಬರುವಾಗ ಸಿದ್ದಕಟ್ಟೆಯಲ್ಲಿ ಅವಳು ರಿಕ್ಷಾ ನಿಲ್ಲಿಸಲು ಹೇಳುತ್ತಿದ್ದಳು. ಒಂದೇ ಒಂದು ಗೋಳಿಬಜೆ, ನಿಮ್ಮ ಕಾಲಿಗೆ ಬೀಳುತ್ತೇನೆ ಎನ್ನುವಳು. ನಾನು ತಂದುಕೊಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು ತಿನ್ನುವಳು. ಒಂದು ಸಲವಲ್ಲ, ಹತ್ತು ಹನ್ನೆರಡು ಸಲ. ಅವಳು ಹೋದ ದಿನವೇ ಡಾಕ್ಟರನ್ನು ಕೇಳಿದ್ದೆ. ಅದರಿಂದ ಏನೂ ಆದದ್ದಲ್ಲ, ಹೃದಯ ಮೊದಲೇ ಸೋತಿತ್ತು ಎಂದಿದ್ದರು. ನಾನು ನಂಬಿರಲಿಲ್ಲ. ನಂಬಲಾಗದೆ ಇದ್ದದ್ದಕ್ಕೇ ಆ ದಿನ ಮಾವ್ಶಿಯ ಮೇಲೆ, ಅವರ ದೇವರ ಮೇಲೆ ಹರಿಹಾಯ್ದದ್ದು.

ಮಾವ್ಶಿ ಎಲ್ಲ ಕೇಳಿದರು.

"ಚಟ್ನಿ ಸಮೇತವಾ?"

"ಚಟ್ನಿ ಸಮೇತ," ಎಂದೆ.

ಅವರ ಮುಖದಲ್ಲಿ ಒಂದು ನಗು ಬಂದು, ಬಂದ ಹಾಗೆಯೇ ಒಡೆಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡರು. ತಿನ್ನಲಿ ಬಿಡು, ಪಾಪದ ಹುಡುಗಿ, ಅಷ್ಟಾದರೂ ತಿಂದಳಲ್ಲ ಎಂದು ಸೆರಗಿನೊಳಗಿಂದಲೇ ಹೇಳಿದರು. ನಾನೂ ಅತ್ತೆ. ಅವಳು ಹೋದ ಮೇಲೆ ಅಂದೇ ಮೊದಲು.

ಆಮೇಲೆ ಭರಣಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಉಪ್ಪು ಕೈಯಲ್ಲಿ ಹಿಡಿದು ಹೇಳಿದೆ, "ಅವಳಿಗೆ ಈಗ ಯಾವ ಪಥ್ಯವೂ ಇಲ್ಲ ಮಾವ್ಶಿ."

ಎಂಟು ತಿಂಗಳಿನಿಂದ ಏನನ್ನೂ ನಂಬದಿದ್ದವನ ಬಾಯಿಗೆ ಆ ಮಾತು ಎಲ್ಲಿಂದ ಬಂತೋ. ಅವರು ನನ್ನನ್ನು ದೃಷ್ಟಿಸಿ ನೋಡಿದರು. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದೇನೋ, ಗೊತ್ತಿದ್ದು ಹೇಳುತ್ತಿದ್ದೇನೋ ಎಂದು ಪರೀಕ್ಷಿಸುವವರ ಹಾಗೆ. ಕೊನೆಗೆ ಬಟ್ಟಲನ್ನು ನನ್ನ ಕಡೆಗೆ ಚಾಚಿದರು. ನಾನು ಉಪ್ಪು ಹಾಕಿ ಕಲಸಿದೆ.

ಊಟದ ಮೊದಲಿನ ಪ್ರಾರ್ಥನೆ ನೀನು ಹೇಳು ಎಂದರು. ನಾನು ಭರಣಿಯ ಮುಚ್ಚಳ ತಿರುವುತ್ತ ಕುಳಿತೆ. ಅವರು ಒತ್ತಾಯ ಮಾಡಲಿಲ್ಲ. ತಾವೇ ಕಣ್ಣು ಮುಚ್ಚಿ ಹೇಳಿ ಮುಗಿಸಿದರು. ಸ್ವಲ್ಪ ತಡೆದು, ನನ್ನ ಕೈ ಹಿಡಿದುಕೊಂಡು, ಅದನ್ನೇ ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಎರಡನೆಯದು ನನ್ನ ಪಾಲಿನದು. ಅದು ಮುಗಿಯುವವರೆಗೆ ನಾನು ಬಟ್ಟಲು ಮುಟ್ಟದೆ ಕುಳಿತಿದ್ದೆ.