ನನ್ನ ಸ್ಕೂಟರಿನ ಬೆಲೆ

ಲೆಕ್ಕದಲ್ಲಿ ನಾನು ಮೊದಲಿನಿಂದಲೂ ದಡ್ಡ. ಆದರೆ ಕಾನೂನಿನ ಲೆಕ್ಕಕ್ಕಿಂತ ನಮ್ಮ ಮೇಷ್ಟರ ಲೆಕ್ಕವೇ ವಾಸಿ. ತಪ್ಪಿದರೆ ಕಿವಿ ಹಿಂಡಿ ಬಿಟ್ಟುಬಿಡುತ್ತಿದ್ದರು.

ಹೊಳೆನರಸೀಪುರದ ನಮ್ಮ ಮನೆಯ ಮುಂದೆ ನಿಂತಿದ್ದ ನನ್ನ ಹಳೆಯ ಸ್ಕೂಟರಿಗೆ ಹಳ್ಳಿಮೈಸೂರಿನ ಸ್ವಾಮಿಗೌಡರ ಟ್ರಾಕ್ಟರು ಹಿಂದಕ್ಕೆ ಬಂದು ಗುದ್ದಿತು. ಗೌಡರು ಸಜ್ಜನರು. "ತಪ್ಪು ನಂದೇಯ ಸಾ, ನ್ಯಾಯವಾಗಿ ಏನ್ ಬತ್ತದೋ ಕೊಟ್ಬುಡ್ತೀನಿ" ಎಂದರು. ಮೆಕ್ಯಾನಿಕ್ಕು ರಿಪೇರಿಗೆ ಹದಿನೆಂಟು ಸಾವಿರ ಎಂದ. ಅಷ್ಟಕ್ಕೇ ಒಪ್ಪಬಹುದಿತ್ತು. ನ್ಯಾಯವಾಗಿ ಇನ್ನೂ ಹೆಚ್ಚು ಬಂದೀತೆಂದು ವಕೀಲನಾದ ಭಾಮೈದನನ್ನು ಕರೆಸಿದೆ. "ಕೊಡ್ತೀನಿ ಅಂದೋರ ಹತ್ರ ಎಂಥ ಕಾನೂನ್ರೀ?" ಎಂದು ಹೆಂಡತಿ ಬೈದಳು.

ಭಾಮೈದ ಬಂದು ತಲೆ ಕೆಡಿಸಿದ. "ರಿಪೇರಿ ಖರ್ಚು ಒಂದು ಲೆಕ್ಕ ಭಾವ. ಗುದ್ದೋಕೆ ಮುಂಚಿನ ಬೆಲೇಲಿ ಗುದ್ದಿದ ಮೇಲಿನ ಬೆಲೆ ಕಳೆದ್ರೆ ಇನ್ನೊಂದು ಲೆಕ್ಕ. ಸಾಮಾನ್ಯವಾಗಿ ಎರಡ್ರಲ್ಲಿ ಯಾವ್ದು ಕಮ್ಮಿನೋ ಅದೇ ಸಿಗೋದು."

ಕಮ್ಮಿಯದೇ ಏಕೆ? ಹಳೆಯದಾದಷ್ಟೂ ನನಗೆ ಗಾಡಿಯ ಮೇಲೆ ಪ್ರೀತಿ ಹೆಚ್ಚಿತ್ತು, ಕಾನೂನಿಗೆ ಅದರ ಬೆಲೆ ಇಳಿದಿತ್ತು! ನನಗೊಂದೂ ಅರ್ಥವಾಗಲಿಲ್ಲ. ಮುಂಚಿನ ಬೆಲೆ ಜಾಸ್ತಿಯಿದ್ದರೆ ಒಳ್ಳೆಯದೆಂಬುದೊಂದೇ ತಲೆಗೆ ಹೋಗಿ, "ನಲವತ್ತು ಸಾವಿರದ ಗಾಡಿ ಸ್ವಾಮಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಗೌಡರು ಪಕ್ಕದ ಮನೆಯ ರಾಜಣ್ಣನನ್ನು ಕೇಳಿದರು. ರಾಜಣ್ಣ ಸುಳ್ಳು ಹೇಳುವವನಲ್ಲ, ಅದೇ ತಾಪತ್ರಯ. "ಅಯ್ಯೋ, ಬ್ರೇಕಿಲ್ಲ, ಗುಜರಿಯೋನೂ ಮುಟ್ಟಾಕಿಲ್ಲ ಅಂತ ಸಾ ಅವ್ರೇ ನಾಕ್ ಸಲ ಅಂದವ್ರೆ ಕಣಣ್ಣ!"

ಅಂದದ್ದು ನಿಜ. ಗಾಡಿ ಕೇಳಲು ಅವನು ಬಂದಿದ್ದೂ ನಾಲ್ಕೇ ಸಲ. ನಮ್ಮ ಕಡೆ ನೆರೆಯವರು ಏನಾದರೂ ಕೇಳಿದರೆ ಕೊಡಲ್ಲ ಅನ್ನುವುದು ಮರ್ಯಾದೆಯಲ್ಲ. ಆ ವಸ್ತುವನ್ನೇ ಬೈದು ತಪ್ಪಿಸಿಕೊಳ್ಳಬೇಕು. ಭಾಮೈದ ಕೆಮ್ಮಿದ. ಮುಂಚೆಯೂ ಗುಜರಿ, ಆಮೇಲೂ ಗುಜರಿ, ಕಳೆದರೆ ಉಳಿಯುವುದೇನು? ಗೌಡರು ಕನಿಕರಪಟ್ಟು ಎರಡು ಸಾವಿರ ಕೈಗಿಟ್ಟು ಹೋದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಉಳಿದದ್ದನ್ನು ಕೈಯಿಂದ ಹಾಕಿ ರಿಪೇರಿ ಮಾಡಿಸಿದೆ. ಗಾಡಿ ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ರಾಜಣ್ಣ ಬಾಗಿಲಲ್ಲಿ ನಿಂತಿದ್ದ.

"ಸಾ, ಶ್ರವಣಬೆಳಗೊಳಕ್ಕೆ ಓಗ್ಬೇಕಿತ್ತು. ನಲವತ್ ಸಾವ್ರದ ಗಾಡಿ ಅಂತ ನೀವೇ ಅಂದ್ರಲ್ಲ, ಅಂಗಾರೆ ಬ್ರೇಕು ಚೆನ್ನಾಗೇ ಇರ್ಬೇಕು?"

ಒಳಗಿನಿಂದ ಹೆಂಡತಿಯೇ ಕೀ ತಂದುಕೊಟ್ಟಳು.